ಬರೀ ನೀರು

1991ರಲ್ಲಿ ನಾನು ವಿಲೆ ಪಾರ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಎಕ್ಸ್‌ರೇ ಟೆಕ್ನಿಷಿಯನ್. ಹಿರಿಯ ಎಂದರೆ, ಹದಿನೆಂಟು ವರ್ಷ ಜನರಿಗೆ ‘ಉಸಿರು ಹಿಡಿಯಿರಿ’ ಎಂದು ಆಜ್ಞಾಪಿಸಿದ ಅನುಭವಸ್ಥ. ಆ ವರ್ಷ ಆಸ್ಪತ್ರೆಗೆ MRI ಯಂತ್ರ ದಯಮಾಡಿಸಿತು. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಲವತ್ತಮೂರರ ನನ್ನನ್ನು ಮತ್ತೆ ವಿದ್ಯಾರ್ಥಿಯನ್ನಾಗಿ ನೇಮಿಸಲಾಯಿತು.

ಪಾಠ ಸರಳವಾಗಿತ್ತು. ದೇಹದಲ್ಲಿ ಬಹುಪಾಲು ನೀರು. ಆ ನೀರಿನ ಹೈಡ್ರೋಜನ್ ಕಣಗಳನ್ನು ಬಲವಾದ ಮ್ಯಾಗ್ನೆಟ್ ಸಾಲಾಗಿ ನಿಲ್ಲಿಸುತ್ತದೆ, ರೇಡಿಯೋ ತರಂಗ ಅವನ್ನು ಸಾಲಿನಿಂದ ತಳ್ಳುತ್ತದೆ. ಅವು ಮರಳುವಾಗ ಕೊಡುವ ಸಂಕೇತದಿಂದ ಕಂಪ್ಯೂಟರ್ ಚಿತ್ರ ಬಿಡಿಸುತ್ತದೆ. T1 ಎಂಬ ಬಗೆಯ ಚಿತ್ರದಲ್ಲಿ ನೀರು ಕಪ್ಪು, T2ನಲ್ಲಿ ಬಿಳಿ. ಲೋಕಲ್ ರೈಲಿನಲ್ಲಿ ಜೋತುಬಿದ್ದು ಇದನ್ನೇ ಜಪಿಸಿದೆ. ಮೂರನೆಯ ವಾರಕ್ಕೆ ಮನುಷ್ಯನ ಮೆದುಳು ನನಗೆ ಅರ್ಥವಾಗಿದೆ ಎಂಬ ತೀರ್ಮಾನಕ್ಕೆ ಬಂದೆ.

ಆ ವಾರವೇ ಸಂಜೀವ ಬಂದರು. ಉಡುಪಿ ಕಡೆಯವರು, ಘಾಟ್ಕೋಪರ್‌ನ ಹೋಟೆಲೊಂದರಲ್ಲಿ ಸಪ್ಲಾಯರ್. ಎಂಟು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ಒಂದೇ ಉಸಿರಿಗೆ ಕೂಗುತ್ತಿದ್ದವರಿಗೆ ಎರಡು ತಿಂಗಳಿಂದ ಮಾತು ತಡವರಿಸುತ್ತಿತ್ತು. ಯಂತ್ರದ ಬಾಯಿ ನೋಡಿ ನಕ್ಕರು: “ಸಾರ್, ನನ್ನನ್ನೂ ಬೇಯಿಸ್ತೀರಾ, ಅದು… ಹಿಟ್ಟು ಹುಯ್ದು… ಬೆಳ್ಳಗೆ…”

“ಇಡ್ಲಿ,” ಎಂದು ಹೆಂಡತಿ ಗಿರಿಜಾ ಮುಖ ತಿರುಗಿಸಿಕೊಂಡರು.

T2 ಚಿತ್ರದಲ್ಲಿ ಮೆದುಳಿನ ಎಡಭಾಗ ಬೆಳ್ಳಗೆ ಹೊಳೆಯಿತು. ಗಿರಿಜಾ ಬಾಗಿಲಲ್ಲೇ ನಿಂತಿದ್ದರು.

“ಅಣ್ಣಾ, ನೀವು ನಮ್ಮ ಕನ್ನಡದವರು. ಇವರ ತಲೆಯಲ್ಲಿ ಎಂತ ಉಂಟು? ಸತ್ಯ ಹೇಳಿ.”

“ಏನಿಲ್ಲಮ್ಮ, ಬರೀ ನೀರು. ಹೆದರ್ಕೋಬೇಡಿ.”

ಗೆಡ್ಡೆಯೂ T2ನಲ್ಲಿ ಬೆಳ್ಳಗೇ ಕಾಣುತ್ತದೆ, ಅದರ ಸುತ್ತಲಿನ ಬಾವೂ ಅಷ್ಟೇ. ಆ ಪಾಠ ನನಗಿನ್ನೂ ಆಗಿರಲಿಲ್ಲ. ಸಂಜೆ ಡಾಕ್ಟರ್ ರಿಪೋರ್ಟ್ ಬರೆದರು: ಗೆಡ್ಡೆ, ಬೇಗ ಆಪರೇಷನ್ ಆಗಬೇಕು. ಗೊತ್ತುಮಾಡಿದ ದಿನ ಗಂಡಹೆಂಡತಿ ಬರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿರಬೇಕು ಎಂದು ನಾನು ಊಟಕ್ಕೆ ಹೋದೆ.

ನಾಲ್ಕು ತಿಂಗಳ ಮೇಲೆ ವೀಲ್‌ಚೇರಿನಲ್ಲಿ ಸಂಜೀವರನ್ನು ಕರೆತಂದರು. ಮಾತು ಪೂರ್ತಿ ನಿಂತಿತ್ತು.

“ಊರಿಗೆ ಹೋಗಿದ್ದೆವು ಅಣ್ಣಾ,” ಎಂದರು ಗಿರಿಜಾ. “ನೀರು ಇಳಿಸುವ ಮದ್ದು ಕೊಡುವವರು ಒಬ್ಬರು ಇದ್ದಾರೆ. ಡಾಕ್ಟ್ರು ಹಿಂದಿಯಲ್ಲಿ ಆಪರೇಷನ್ ಅಂತ ಹೆದರಿಸಿದ್ರು. ನೀವು ನಮ್ಮ ಭಾಷೆಯಲ್ಲೇ ಹೇಳಿದ್ರಲ್ಲ, ಅದಕ್ಕೆ ಧೈರ್ಯ ಬಂತು.”

ದನಿಯಲ್ಲಿ ದೂರಿರಲಿಲ್ಲ, ಕೃತಜ್ಞತೆಯಿತ್ತು. ದೂರಿದ್ದರೆ ಸಹಿಸುವುದು ಸುಲಭವಿತ್ತು.

ಈ ಸಲ ಆ ಬಿಳುಪು ಮೆದುಳಿನ ನಡುಗೆರೆ ದಾಟಿತ್ತು. ಸರ್ಜನ್ ಫಿಲ್ಮ್ ನೋಡಿ ಇನ್ನು ಆಗದು ಎಂದು ತಲೆಯಾಡಿಸಿದರು. ಮೊದಲೇ ಆಪರೇಷನ್ ಮಾಡಿದ್ದರೆ, ಎಂದು ಕೇಳಿದೆ. “ಜೀವದ ಮಾತು ಹೇಳಲಾರೆ. ಬಾಯಿಮಾತು ಒಂದಷ್ಟು ದಿನ ಉಳಿಯುತ್ತಿತ್ತೇನೋ,” ಎಂದರು.

ಗಿರಿಜಾ ಕೇಳಿದರು: “ನೀರು ಇಳಿದಿದೆಯಾ ಅಣ್ಣಾ?”

“ಅದು ನೀರಲ್ಲಮ್ಮ. ಅವತ್ತೂ ನೀರಾಗಿರಲಿಲ್ಲ. ನಾನು ತಿಳೀದೆ ಹೇಳ್ದೆ.”

ಅವರು ನನ್ನನ್ನು ನೋಡಿದರು. ಗಂಡನ ಅಂಗಿಯ ಗುಂಡಿ ಹಾಕಿ, ಕುರ್ಚಿ ತಾವೇ ತಳ್ಳಿಕೊಂಡು ಹೋದರು. ಮೂರು ವಾರದಲ್ಲಿ ಸಂಜೀವ ತೀರಿಕೊಂಡರು.

ಮುಂದೆ ನಾನು ಅನೇಕರಿಗೆ ಈ ಕೆಲಸ ಕಲಿಸಿದೆ. T1, T2 ಎರಡನೆಯ ದಿನದ ಪಾಠ. ಮೊದಲ ದಿನ ‘ನನಗೆ ಗೊತ್ತಿಲ್ಲ, ಡಾಕ್ಟರನ್ನೇ ಕೇಳಿ’ ಎಂಬುದನ್ನು ಹಿಂದಿ, ಮರಾಠಿ, ಗುಜರಾತಿಯಲ್ಲಿ ಹೇಳಿಸುತ್ತಿದ್ದೆ. ಕನ್ನಡದ ಹುಡುಗರಿಗೆ ಕನ್ನಡದಲ್ಲಿ ಎರಡು ಸಲ.