ಲಾರಿ ಹೇರುವುದೂ ಕೆಲಸವೇ

ಗೆಳೆಯರೇ, ಇವತ್ತು ನಾವು ಗೆದ್ದೆವು. ಹೂವಿನ ಹಿಪ್ಪರಗಿಯ ರಸ್ತೆ ಕೆಲಸಕ್ಕೆ ನಮ್ಮದು ಗಂಟೆ ಲೆಕ್ಕದ ಕೂಲಿ. ದಿನಾ ಬಾಗೇವಾಡಿಯ ಶೆಡ್ಡಿನಲ್ಲಿ ಸಲಿಕೆ, ಬುಟ್ಟಿ, ಡ್ರಮ್ಮು ಲಾರಿಗೆ ಹೇರಿಕೊಂಡು ಹೋಗುತ್ತೇವೆ. ಆದರೆ ನಮ್ಮ ಮೇಲ್ವಿಚಾರಕ ಮುಕಾದಮ ಹಾಜರಿ ಹಿಡಿಯುವುದು ಹಿಪ್ಪರಗಿಯಲ್ಲಿ ಇಳಿದ ಮೇಲೆ; ಕೂಲಿಯ ಗಂಟೆ ಎಣಿಕೆಯೂ ಅಲ್ಲಿಂದಲೇ. ನಿನ್ನೆ ಕೇಳಿದ್ದಕ್ಕೆ, "ಹೇರೂದು, ಕುಂತು ಬರೂದು ಒಂದ್ ಕೆಲಸ ಏನು?" ಎಂದು ನಕ್ಕಿದ್ದ.

ಇವತ್ತು ನಾವೆಲ್ಲ ಬಸ್ಸಿನಲ್ಲಿ ಬರಿಗೈಲಿ ಹೋಗಿ ಇಳಿದೆವು. ಅವನು ಹಾಜರಿ ಹಿಡಿದು, "ಲಾರಿ ಎಲ್ಲೈತಿ?" ಎಂದ.

"ಶೆಡ್ಡಿನ ಮುಂದ ಖಾಲಿ ನಿಂತೈತ್ರಿ. ಹೇರೂದು ಕೆಲಸ ಅಲ್ಲಂತ ನೀವ ಅಂದೀರಲ್ರಿ" ಎಂದಳು ನಮ್ಮ ಶಾಂತವ್ವ.

ಮುಕಾದಮ ತಾನೇ ಬಾಗೇವಾಡಿಗೆ ಓಡಿದ. ನಾವು ಬೇವಿನ ನೆರಳಲ್ಲಿ ಕುಳಿತೆವು. ಮಧ್ಯಾಹ್ನ ಸಾಮಾನೆಲ್ಲ ಒಬ್ಬನೇ ಹೇರಿಕೊಂಡು ಬಂದು, ಸೊಂಟ ಹಿಡಿದುಕೊಂಡು ಲಾರಿಯಿಂದ ಇಳಿದವನು, "ನಾಳಿಂದ ಹಾಜರಿ ಶೆಡ್ಡಿನ್ಯಾಗ ಹಿಡಿತೇನಿ" ಎಂದ.

ನಮ್ಮ ಮಾತು ಅವನ ಕಿವಿಗೆ ಹೋಗಿರಲಿಲ್ಲ, ಸೊಂಟಕ್ಕೆ ಹೋಯಿತು.