ಅಮ್ಮನ ಕೋಣೆಗೆ ಕುಲುಮೆಯ ಹೊದಿಕೆ

ನನ್ನ ಚಿಕ್ಕಪ್ಪನ ಮುಂಗೈಗಳಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಎಡಹುಬ್ಬು ಅರ್ಧ ಸುಟ್ಟುಹೋಗಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಒಳಮೈಗೆ ಶಾಖ ತಡೆಯುವ ಇಟ್ಟಿಗೆ ಕಟ್ಟಿ ಕಟ್ಟಿ ನಿವೃತ್ತನಾದವನು. ಆ ಅರ್ಧ ಹುಬ್ಬನ್ನು ಪದವಿ ಪತ್ರದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದ. ಮದುವೆಮನೆಗೆ ಹೋದರೆ ಅಡುಗೆಭಟ್ಟರ ಒಲೆಗೂ ಬುದ್ಧಿ ಹೇಳಿ ಬರುವ ಆಸಾಮಿ. ನನಗಂತೂ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತು. ಅವಳು ಮಲಗಿದ್ದ ಪಡುವಣ ಕೋಣೆಯ ಮೇಲೆ ಬರೀ ಕಾಂಕ್ರೀಟ್ ತಾರಸಿ. ಬೇಸಿಗೆಯಲ್ಲಿ ಕಾದ ಕಾವಲಿಯೇ. ಸೆಖೆ ಎಂದು ಹೇಳಲೂ ಬಾರದವಳು ಬೇಯಬಾರದೆಂದು, ಬೇಸಿಗೆಗೆ ಮೊದಲೇ ಬಿಸಿಲು ತಡೆಯುವ ಹೊದಿಕೆ ಹಾಕಿಸಲು ಹೊರಟೆ. ಅಂಗಡಿಯವನು ಸ್ಯಾಂಪಲ್ ತಂದ ದಿನವೇ ಭದ್ರಾವತಿಯ ಜನ್ನಾಪುರದಿಂದ ಚಿಕ್ಕಪ್ಪ ಬಂದಿಳಿದ. ಕರೆದವರು ಯಾರೂ ಇಲ್ಲ.

ಬಂದವನೇ ಥರ್ಮಾಕೋಲ್ ಹಾಳೆಯ ಮೂಲೆಗೆ ಬೆಂಕಿಕಡ್ಡಿ ಗೀರಿ ಹಿಡಿದ. ಅದು ಮುದುಡಿತು. "ಇದನ್ನ ತಲೆ ಮೇಲೆ ಹಾಕ್ಕೊಂಡು ಮಲಗ್ತೀರಾ?" ತಾರಸಿಯ ಮೇಲೆ ಬಳಿಯುವ ಬಿಳಿ ಬಣ್ಣದ ಡಬ್ಬಿ ಕಂಡು ನಕ್ಕೇಬಿಟ್ಟ. "ಬಣ್ಣ ಬಳಿದ್ರೆ ಸೂರ್ಯ ಹೆದ್ರಿ ಓಡೋಗ್ತಾನಾ ಮಾರಾಯ? ಕಬ್ಬಿಣ ಕರಗೋ ಶಾಖನೇ ಹಿಡಿದಿಟ್ಟವನು ನಾನು. ಈ ಬಿಸಿಲು ಯಾವ ಲೆಕ್ಕ!" ಅಂಗಡಿಯವನು ಗಂಟುಮೂಟೆ ಕಟ್ಟಿಕೊಂಡು ಹೋದ. ಜಗಳ ಯಾಕೆಂದು ನಾನೂ ಬಾಯಿ ಮುಚ್ಚಿಕೊಂಡೆ.

ಆಮೇಲೆ ನಡೆದದ್ದು ಚಿಕ್ಕಪ್ಪನ ದರ್ಬಾರು. ತಾರಸಿಯ ಒಳಮೈಗೆ ಶಾಖ ತಡೆಯುವ ಗಾಜಿನ ಉಣ್ಣೆ ತುಂಬಿ ಹಲಗೆ ಹೊಡೆದ. ಗೋಡೆಗಳನ್ನೂ ಬಿಡಲಿಲ್ಲ. ಎರಡು ಗವಾಕ್ಷಿಗಳನ್ನು ಸಿಮೆಂಟಿನಿಂದ ಮುಚ್ಚಿದ, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಬಡಿದ, ಕಿಟಕಿ ತೆಗೆಯಕೂಡದೆಂದು ತಾಕೀತು ಮಾಡಿದ. ನನ್ನ ಹೆಂಡತಿ "ಗಾಳಿ ಬೇಡ್ವಾ ಮಾವ?" ಎಂದರೆ, "ಶಾಖಕ್ಕೆ ಸಂದಿ ಕೊಡಬಾರ್ದು ಕಣಮ್ಮ, ನಿಂಗೆ ಗೊತ್ತಾಗಲ್ಲ" ಎಂದ. ಜಂಬ ಇದ್ದಷ್ಟು ಬುದ್ಧಿ ಇದ್ದಿದ್ದರೆ!

ಏಪ್ರಿಲ್ ಬಂತು. ಅಮ್ಮನ ಬೆನ್ನ ತುಂಬಾ ಬೆವರುಸಾಲೆ, ಅದರ ಮೇಲೆ ಹುಣ್ಣು. ನೋಡಲು ಬಂದ ನರ್ಸ್, "ಇದೇನ್ರೀ, ಅಜ್ಜೀನ ಬೇಯಿಸ್ತಿದ್ದೀರಾ?" ಎಂದಳು. ಫೋನಿನಲ್ಲಿ ಚಿಕ್ಕಪ್ಪನ ಜನ್ಮ ಜಾಲಾಡಿಬಿಟ್ಟೆ.

ಮರುದಿನ ಮಧ್ಯಾಹ್ನ ಬಂದ. ಅಮ್ಮನನ್ನು ನಡುಮನೆಗೆ ಸಾಗಿಸಿ, ಅವಳ ಮಂಚದ ಮೇಲೆ ತಾನೇ ಮಲಗಿ ಬಾಗಿಲು ಹಾಕಿಸಿಕೊಂಡ. "ಶುರುವಾಯ್ತು ನೋಡು ನಾಟಕ" ಎಂದು ಹೆಂಡತಿಯೆದುರು ಆಡಿಕೊಂಡೆ. ಒಂದು ಗಂಟೆಗೆ ಮಲಗಿದವನು ನಾಲ್ಕಕ್ಕೆ ಎದ್ದು ಬಂದ. ಬನಿಯನ್ ಹಿಂಡುವಷ್ಟು ಒದ್ದೆ. ಗೋಡೆ ಹಿಡಿದುಕೊಂಡು ನಡೆದು ಅಮ್ಮನ ಕಾಲ ಬಳಿ ಕುಳಿತ.

"ತಪ್ಪಾಯ್ತು ಅತ್ತಿಗೆ. ಫರ್ನೇಸಲ್ಲಿ ಒಳಗಿನ ಶಾಖ ಹೊರಗೆ ಹೋಗ್ದಂಗೆ ಕಟ್ತಿದ್ದೆ. ನಿಮ್ಮ ಕೋಣೇನೂ ಹಂಗೇ ಕಟ್ಬಿಟ್ಟೆ."

ಅಂದೇ ಉಳಿ ಹಿಡಿದು ಗವಾಕ್ಷಿ ಒಡೆದ. ಮರುದಿನ ತಾರಸಿ ಹತ್ತಿ, ತಾನೇ ಹೀಗಳೆದಿದ್ದ ಬಿಳಿ ಬಣ್ಣ ಬಳಿದ. ಕ್ರಮೇಣ ಅಮ್ಮನ ಬೆನ್ನಿನ ಹುಣ್ಣು ಮಾಯಿತು. ಆದರೆ ಆ ದಿನ ತಾರಸಿಯಿಂದ ಇಳಿದು ಬಂದವನನ್ನು ನಾನು ಸುಮ್ಮನೆ ಬಿಡಲಿಲ್ಲ. "ಇಷ್ಟು ಮೊದ್ಲೇ ತಿಳೀಲಿಲ್ವಾ ನಿಂಗೆ?" ಎಂದೆ.

"ನಂಗೆ ತಿಳೀಲಿಲ್ಲ ಕಣೋ, ದಡ್ಡ ನಾನು. ನೀನು ಒಂದಿನ ಆದ್ರೂ ಬಾಗ್ಲು ಹಾಕ್ಕೊಂಡು ಆ ಮಂಚದ ಮೇಲೆ ಮಲಗಿದ್ಯಾ?"

ಚಿಕ್ಕಪ್ಪ ಹೋಗಿ ವರ್ಷವಾಯಿತು. ಜಂಬದ ಮನುಷ್ಯ, ಸತ್ತನೆಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಮಂಚದ ಮೇಲೆ ನಾನು ಒಂದು ದಿನವೂ ಮಲಗಿರಲಿಲ್ಲ. ಗವಾಕ್ಷಿ ಮುಚ್ಚಿದ್ದ ಆ ಎರಡು ತಿಂಗಳು, ದಿನವೂ ಆ ಕೋಣೆಯ ಹೊಸ್ತಿಲಲ್ಲಿ ನಿಂತು, "ಈಗ ಸೆಖೆ ಇಲ್ಲ ಅಲ್ವೇನಮ್ಮ?" ಎಂದು ಮಾತು ಬಾರದವಳನ್ನು ಕೇಳುತ್ತಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇಲ್ಲವೆಂದಳು ಅಂದುಕೊಂಡು ಬಾಗಿಲೆಳೆದುಕೊಂಡು ಹೋಗುತ್ತಿದ್ದೆ.