ಸೀಟ್ ಬೆಲ್ಟ್ ಹಾಕಿಕೊಂಡ ದೇವರು

ಗೆಳೆಯರೇ, ಒಂದು ಘೋರ ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಹಾಡಹಗಲೇ ನಮ್ಮ ಮನೆದೇವರನ್ನು ಅಪಹರಿಸಿದೆ.

ಪರದೇಶದ ಕಡಲತೀರದ ಊರು ಮುಕಿಲ್ಟಿಯೊದಲ್ಲಿರುವ ನಮ್ಮ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು, ಆಫೀಸಿನ ಹತ್ತಿರದ ಅಪಾರ್ಟ್‌ಮೆಂಟಿಗೆ ಇವತ್ತೇ ಹೊರಟಿದ್ದೆವು. ಜಾಹೀರಾತಿಗೆಂದು ಕರೆಸಿದ್ದ ಫೋಟೋಗ್ರಾಫರ್, "ನಿಮ್ಮದು ಅನ್ನಿಸುವಂಥದ್ದು ಏನೂ ಕಾಣಬಾರದು" ಎಂದಳು. ಒಗ್ಗರಣೆ ಡಬ್ಬಿ ಹೋಯಿತು, ಹೊಸಿಲ ರಂಗೋಲಿ ಅಳಿಯಿತು, ಕೊನೆಗೆ ದೇವರ ಮಂಟಪವೂ ಜಾಗ ಖಾಲಿ ಮಾಡಿತು.

"ರೀ, ದೇವರನ್ನ ಡಿಕ್ಕಿಲಿ ಹಾಕಿದ್ರಾ?" ಹೆಂಡತಿ ಸುಮಾ ಕಿರುಚಿದಳು.

"ಛೆ, ಹಿಂದಿನ ಸೀಟಲ್ಲಿ ಕೂರಿಸಿ ಬೆಲ್ಟ್ ಹಾಕಿದೀನಿ ಕಣೇ. ಇನ್ಮೇಲೆ ಇದು ಮನೆ ಅಲ್ಲ, ಬಿಸಿನೆಸ್. ಕಣ್ಣೀರು ಗಿಣ್ಣೀರು ನಡಿಯಲ್ಲ."

ಸಂಜೆ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದಾಗ ಫೋಟೋಗಳು ಬಂದವು. ಕಿಟಕಿಯಾಚೆ ಕಡಲು ದಾಟುವ ಫೆರ್ರಿ ಹಡಗು, ಸೋಫಾ ಮೇಲೆ ಬಿಸಿಲು. ಇಷ್ಟು ವರ್ಷ ಅಲ್ಲೇ ಕಾಫಿ ಕುಡಿದರೂ ಅದು ಅಷ್ಟು ಚೆಂದವೆಂದು ನನಗೆ ಗೊತ್ತಿರಲಿಲ್ಲ. ಸುಮಾ ಅವನ್ನು ಬಾಡಿಗೆ ವೆಬ್‌ಸೈಟಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಕೂಗಿದಳು:

"ರೀ, ಈ ವೀಕೆಂಡಿಗೇ ಬುಕಿಂಗ್ ಬಂತು! ಯಾರೋ ಗಂಡ ಹೆಂಡತಿಯಂತೆ. ದೇವರ ಮಂಟಪ ಇಡೋಕೆ ಜಾಗ ಇದೆಯಾ ಅಂತ ಕೇಳಿದಾರೆ. ನಮ್ಮೋರೇ ಇರ್ಬೇಕು!"

ನಮ್ಮವರೇ. ಸುಳ್ಳು ಹೆಸರಿನಲ್ಲಿ ಬುಕ್ ಮಾಡಿದವನು ನಾನು. ಸುಮಾ, ಇದನ್ನು ಓದಿದರೆ ದಯವಿಟ್ಟು ಕ್ಯಾನ್ಸಲ್ ಮಾಡಬೇಡ. ದೇವರೂ ಇನ್ನೂ ಕಾರಿನಿಂದ ಇಳಿದಿಲ್ಲ.